ಅಯೋಡಿನ್ ಸೇರಿದ ಮೇಲೆ ಆಕ್ಸಿಜನ್ನಿಗೆ ಬಂದ ಸಿಟ್ಟು

ದಾಂಡೇಲಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕೆಲವು ಬಣ್ಣಗಳು ಬೆಳಕು ಬಿದ್ದಾಗ ಪಕ್ಕದ ಆಕ್ಸಿಜನ್ನನ್ನು ಕೆರಳಿಸುತ್ತವೆ. ಕೆರಳಿದ ಆಕ್ಸಿಜನ್ ರೋಗಾಣುಗಳನ್ನು ಕೊಲ್ಲುತ್ತದೆ. ಬಣ್ಣದ ಅಣುವಿನ ರಚನೆ ಬದಲಿಸಿದರೆ ಈ ಶಕ್ತಿ ಹೇಗೆ ಏರಿಳಿಯುತ್ತದೆ ಎಂಬುದೇ ನನ್ನ ಪಿಎಚ್.ಡಿ. ವಿಷಯ. ಇಂಥ ವಿಷಯ ಹಿಡಿದವಳು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆಗೆ ಬರುತ್ತದೆ.

ಅತ್ತೆಯ ಕನಿಕರ

ಬಸುರಿ ತಂಗಿಯ ಕುಬಸಕ್ಕೆಂದು ಗಂಡನ ಜೊತೆ ಹಳಿಯಾಳಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಸೋದರತ್ತೆ ಕೇಳಿದರು: "ಅಲ್ಲವಾ, ಇಷ್ಟ ವರ್ಷ ಏನ ಓದಾಕತ್ತಿ ನೀ?"

"ಬಣ್ಣಕ್ಕ ಅಯೋಡಿನ್ ಕೂಡಸ್ತೇನಿ ಅತ್ತಿ. ಬೆಳಕ ಬಿದ್ದರ ಗಾಳ್ಯಾಗಿನ ಆಕ್ಸಿಜನ್ನಿಗೆ ಸಿಟ್ಟ ಬರತೈತಿ."

ಅತ್ತೆ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, ಎದುರು ಸಾಲಿನಲ್ಲಿದ್ದ ನನ್ನ ಗಂಡನನ್ನು ಕನಿಕರದಿಂದ ನೋಡಿದರು. "ಮನ್ಯಾಗ ಇವಗ ಸಿಟ್ಟ ಬರಸೂದು ಸಾಲಲಿಲ್ಲೇನವಾ, ಗಾಳಿಗೂ ಬರಸಾಕ ಹೊಂಟಿ?"

ಗಂಡ ಖುಷಿಯಿಂದ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಚಾಚಾ ಮಾಡಿದ ಪೆಟ್ಟಿಗೆ

ನನ್ನ ಗುಲಾಬಿ ಬಣ್ಣ ಹೀರುವುದು ಹಸಿರು ಬೆಳಕನ್ನು. ಒಳಗೆಲ್ಲ ಹಸಿರು ದೀಪವಿರುವ ಪೆಟ್ಟಿಗೆ ಬೇಕೆಂದು ಲಾರಿಗಳಿಗೆ ಲೈಟು ಹಚ್ಚುವ ಗ್ಯಾರೇಜಿನ ಚಾಚಾನನ್ನು ಕೇಳಿದೆ.

"ಚಿಂತಿ ಬಿಡ್ರಿ ಮೇಡಂ. ಗೋವಾಕ್ಕ ಹೋಗೋ ಲಾರಿಗೋಳಿಗೆ ಹಚ್ಚೇನಿ, ಇದೇನ ದೊಡ್ಡದು?"

ಪೆಟ್ಟಿಗೆ ಚೆಂದವಾಗಿಯೇ ಬಂತು. ಧಾರವಾಡದಿಂದ ನನ್ನ ಕೆಲಸ ನೋಡಲು ಬಂದ ಪ್ರೊಫೆಸರರನ್ನು ಎದುರು ಕೂರಿಸಿ, ಹೆಮ್ಮೆಯಿಂದ ಮುಚ್ಚಳ ಹಾಕಿದೆ. ಪೆಟ್ಟಿಗೆ ಲಾರಿಯ ರಿವರ್ಸ್ ಹಾರ್ನಿನಂತೆ ಕಿರುಚತೊಡಗಿತು. ಗಾಬರಿಯಿಂದ ಚಾಚಾಗೆ ಫೋನ್ ಮಾಡಿದೆ.

"ಮುಚ್ಚಳ ಹಾಕಿದ್ದು ಗೊತ್ತಾಗಬೇಕಲ್ರೀ ಮೇಡಂ? ಅದು ಫ್ರೀ ಐತ್ರಿ."

ತಿರುಗಿ ನೋಡಿದರೆ ಪ್ರೊಫೆಸರರು ಕುರ್ಚಿ ಸಮೇತ ಹಿಂದೆ ಸರಿದು ದಾರಿ ಬಿಟ್ಟಿದ್ದರು.

ಯಾವ ವರ್ಷದಾಕಿ?

ತರಗತಿಯಲ್ಲಿ ಭಾರದ ಪರಮಾಣುವಿನ ಪ್ರಭಾವ ವಿವರಿಸುತ್ತಿದ್ದೆ. "ಹಗುರ ಅಣು ಬೆಳಕ ನುಂಗಿದ್ದೇ ತಡ, ಹೊಳದ ಬಿಡತೈತಿ, ಅಲ್ಲಿಗೆ ಮುಗೀತು. ಅಯೋಡಿನ್ ಇದ್ದ ಗುಲಾಬಿ ಬಣ್ಣ, ರೋಸ್ ಬೆಂಗಾಲ್, ಹಂಗಲ್ಲ. ಒಳಗ ಇಟಗೊಂಡ ಇಟಗೊಂಡ, ಕಡೀಗೆ ಬಾಜೂಕ ಬಂದವರ ಮ್ಯಾಲೆ ತೀರಸತೈತಿ."

ಹುಡುಗರು ಗೊಳ್ಳೆಂದರು. ಗದ್ದಲ ಕೇಳಿ, ಇತಿಹಾಸದವರಾದ ನಮ್ಮ ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನಿಂತರು. "ಯಾರ ಬಗ್ಗೆ ನಡದೈತಿ?"

"ರೋಸ್ ಬೆಂಗಾಲ್ ಬಗ್ಗೆರೀ ಸರ್," ಎಂದಳೊಬ್ಬಳು.

"ಯಾವ ವರ್ಷದಾಕಿ? ನನ್ನ ಚೇಂಬರಿಗೆ ಕಳಸ್ರಿ."

ವೈನಿಯ ತೀರ್ಪು

ಲೇಖನ ಕಳಿಸಿದ್ದ ವಿಜ್ಞಾನ ಪತ್ರಿಕೆಯವರು ಒಂದು ತಕರಾರು ತೆಗೆದರು: ಪೆಟ್ಟಿಗೆಯ ಬೆಳಕು ಸರಿ, ಬಿಸಿಲಿನಲ್ಲಿ ಇದು ನಡೆಯುತ್ತದೆಯೆ? ತೋರಿಸದಿದ್ದರೆ ಲೇಖನ ವಾಪಸ್. ಕೋಗಿಲಬನದ ಹತ್ತಿರ ಕಾಳಿ ನದಿಯ ನೀರು ತಂದು, ಮೂರು ಬಾಟಲಿಗೆ ಮೂರು ಬಣ್ಣ ಹಾಕಿ, ಮನೆಯ ಮುಂದಿನ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು ಕಾಯುತ್ತ ಕುಳಿತೆ.

ನಮ್ಮ ಓಣಿಯಲ್ಲಿ ನಾಯಿ ಬರದಿರಲೆಂದು ಬಣ್ಣದ ನೀರಿನ ಬಾಟಲಿ ಇಡುವ ರೂಢಿ. ಪಕ್ಕದ ಮನೆಯ ವೈನಿ ಬಂದು ಬಗ್ಗಿ ನೋಡಿದರು. "ಹೊಸಾ ಬಣ್ಣ ಏನ್ರಿ? ಇದರಾಗ ಯಾವದು ಜೋರ ಐತ್ರಿ?"

ನನ್ನ ಸಂಶೋಧನೆಯ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಉಬ್ಬಿಹೋದೆ. "ಹಸಿರು ಬರೇ ಹೊಳೀತೈತ್ರಿ ವೈನಿ, ಕೆಲಸಕ್ಕಿಲ್ಲ. ಕೇಸರಿಯೊಳಗ ಬ್ರೋಮಿನ್ ಐತಿ, ಸ್ವಲ್ಪ ಜೋರ. ಗುಲಾಬಿಯೊಳಗ ಅಯೋಡಿನ್ ಐತಿ. ಅದರ ಮುಂದ ಯಾವದೂ ನಿಲ್ಲಂಗಿಲ್ಲ."

ಅಷ್ಟರಲ್ಲಿ ಓಣಿಯ ಕರಿ ನಾಯಿ ಬಂತು. ಹಸಿರನ್ನು ಮೂಸಿ ಮುಂದೆ ಹೋಯಿತು. ಕೇಸರಿಯನ್ನು ಮೂಸಿ ಮುಂದೆ ಹೋಯಿತು. ಗುಲಾಬಿಯ ಮುಂದೆ ನಿಂತು, ಸಾವಕಾಶ ಕಾಲೆತ್ತಿತು.

ಪುಣ್ಯಕ್ಕೆ ಮುಚ್ಚಳ ಬಿಗಿಯಿತ್ತು. ಆ ಬಾಟಲಿಯಲ್ಲೇ ರೋಗಾಣುಗಳು ಎಲ್ಲಕ್ಕಿಂತ ಬೇಗ ಸತ್ತವು, ಲೇಖನವೂ ಅಚ್ಚಾಯಿತು. ಆದರೆ ಪತ್ರಿಕೆಯವರಿಗಿಂತ ಮೊದಲು ಒಪ್ಪಿಗೆ ಕೊಟ್ಟವರು ವೈನಿ:

"ನೀವು ಹೇಳಿದ್ದು ಖರೇ ಐತ್ರಿ ಮೇಡಂ. ಗುಲಾಬಿ ನೋಡಿದ ಕೂಡಲೇ ನಾಯಿಗೆ ಜೋರ ಬಂತ್ ನೋಡ್ರಿ!"