ಹೆಂಡತಿ ಹಿಂದೆ, ಮೋಟರು ಮುಂದೆ

"ಇವತ್ತಿನಿಂದ ಈ ಸೀಟಿನ ಮೇಲೆ ಒಂದು ನೊಣ ಕುಂತ್ರೂ ನನ್ನ ಹೆಸ್ರು ಮುರುಗೇಶ್ ಅಲ್ಲ."

ಹೊಸದುರ್ಗದಲ್ಲಿ ಪೈಪು, ಪಂಪ್‌ಸೆಟ್ಟುಗಳ ಅಂಗಡಿ ಇಟ್ಟಿರುವ ಮುರುಗೇಶ್, ತನ್ನ ಕಾರಿನ ಎಡಗಡೆಯ ಮುಂಬಾಗಿಲನ್ನು ದಬ್ಬನೆ ಮುಚ್ಚಿ ಈ ಘೋರ ಪ್ರತಿಜ್ಞೆ ಮಾಡಿದಾಗ ಅದನ್ನು ಕೇಳಿಸಿಕೊಳ್ಳಲು ಅಲ್ಲಿದ್ದವಳು ಅವನ ಹೆಂಡತಿ ದಾಕ್ಷಾಯಿಣಿ ಒಬ್ಬಳೇ. ಅವಳು ಅದೇ ಸೀಟಿನಲ್ಲಿ ಕೂರಲೆಂದು ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದಳು.

"ಹಂಗಾದ್ರೆ ನಾನೆಲ್ಲಿ ಕುಂತ್ಕಳ್ಳಿ?"

"ಹಿಂದೆ."

"ಹಿಂದೆ ಅಂದ್ರೆ? ಡಿಕ್ಕಿಯಾಗಾ?"

ಮುರುಗೇಶ್ ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿ ವಿಷಯ ಹೇಳಿದ. ಕಾರಿನ ಕಂಪನಿಯಿಂದ ಮೊಬೈಲಿಗೆ ಮೆಸೇಜು ಬಂದಿತ್ತು. ಆ ಸೀಟಿನ ಎದುರಿಗಿರುವ ಏರ್‌ಬ್ಯಾಗಿನಲ್ಲಿ ದೋಷವಿದೆಯಂತೆ. ಗಾಡಿ ಎಲ್ಲಿಗಾದರೂ ಗುದ್ದಿದರೆ ಚೀಲ ಉಬ್ಬುವಾಗ ಒಳಗಿನ ಲೋಹದ ಚೂರುಗಳೂ ಸಿಡಿದು ಬರಬಹುದಂತೆ. ಹೊಸದನ್ನು ಪುಕ್ಕಟೆ ಹಾಕಿಕೊಡುತ್ತೇವೆ, ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ ಎಂದು ಕಂಪನಿ ಬಹಳ ವಿನಯದಿಂದ ಕೇಳಿಕೊಂಡಿತ್ತು.

"ಇದನ್ನ ಯಾಕ್ರಿ ಕಿವಿಯಾಗೆ ಹೇಳ್ತೀರಿ?"

"ಊರಿಗೆ ಗೊತ್ತಾದ್ರೆ ಮರ್ಯಾದೆ ಏನಾಗ್ಬೇಕು?"

ಮರ್ಯಾದೆಯ ಪ್ರಶ್ನೆ ನಿಜವಾಗಿಯೂ ದೊಡ್ಡದಿತ್ತು. ಕಾರು ಕೊಂಡ ದಿನದಿಂದ ಮುರುಗೇಶ್ ಅದರ ಆರು ಏರ್‌ಬ್ಯಾಗುಗಳ ಗುಣಗಾನ ಮಾಡದ ದಿನವಿರಲಿಲ್ಲ. ಅಂಗಡಿಗೆ ಪೈಪು ಕೊಳ್ಳಲು ಬಂದ ರೈತರು ಪೈಪಿನ ರೇಟು ಕೇಳುವ ಮೊದಲು ಏರ್‌ಬ್ಯಾಗಿನ ಪುರಾಣ ಪೂರ್ತಿ ಕೇಳಬೇಕಿತ್ತು. "ಬೆಟ್ಟದ ಮೇಲಿಂದ ಉರುಳಿದ್ರೂ ಒಳಗೆ ಕುಂತೋರು ಟೀ ಕುಡಿತಾ ಇರಬಹುದು" ಎಂದು ಅವನು ಹೇಳುತ್ತಿದ್ದದ್ದನ್ನು ಕೇಳಿ, ಕೆಲವರು ಪೈಪನ್ನು ಬೇರೆ ಅಂಗಡಿಯಲ್ಲಿ ಕೊಳ್ಳಲು ಶುರು ಮಾಡಿದ್ದರು. ಈಗ ಅದೇ ಬಾಯಲ್ಲಿ, ಆರರಲ್ಲಿ ಒಂದು ಜೀವ ತೆಗೆಯುವಂಥದ್ದು ಎಂದು ಹೇಗೆ ಹೇಳುವುದು? ವಾರದೊಳಗೆ ರಿಪೇರಿ ಆಗಿಬಿಡುತ್ತದೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡ.

ಆ ವಾರ ಬಹಳ ಉದ್ದವಾಯಿತು.

ಚಿತ್ರದುರ್ಗದ ಶೋರೂಮಿನಲ್ಲಿ ಕಿರಣ್‌ಕುಮಾರ್ ಎಂಬೊಬ್ಬ ಯುವಕನಿದ್ದ. ಗಿರಾಕಿಗಳ ಸಿಟ್ಟನ್ನು ಫೋನಿನಲ್ಲಿ ತಣ್ಣಗೆ ಮಾಡುವುದೇ ಅವನ ಕೆಲಸ. ದೇವರು ಅವನಿಗೆ ಅದಕ್ಕೆ ತಕ್ಕ ಜೇನಿನಂಥ ದನಿ ಕೊಟ್ಟಿದ್ದ.

"ಪಾರ್ಟ್ ಬಂತೇನಪ್ಪ?"

"ದಾರಿಯಲ್ಲಿದೆ ಸರ್."

"ಹೋದ ತಿಂಗಳೂ ದಾರಿಯಾಗೇ ಇತ್ತಲ್ಲಪ್ಪ, ನಡ್ಕಂಡು ಬರ್ತೈತೇನು?"

"ನಿಮ್ಮ ತಾಳ್ಮೆಗೆ ಧನ್ಯವಾದಗಳು ಸರ್."

ಇಲ್ಲದ ತಾಳ್ಮೆಗೆ ಧನ್ಯವಾದ ಹೇಳಿಸಿಕೊಂಡು ಮುರುಗೇಶ್ ಫೋನನ್ನು ಕುಕ್ಕುತ್ತಿದ್ದ. ಯುಗಾದಿ ಹೋಯಿತು. ಶ್ರಾವಣ ಬಂತು. ಗಣಪತಿಯನ್ನು ಕೂರಿಸಿ, ಎಬ್ಬಿಸಿ, ನೀರಿಗೂ ಬಿಟ್ಟರು. ಪಾರ್ಟು ಮಾತ್ರ ದಾರಿ ಸವೆಸುತ್ತಲೇ ಇತ್ತು.

ಈ ನಡುವೆ ಪ್ರತಿಜ್ಞೆ ಕಾಯುವುದೇ ಒಂದು ಯುದ್ಧವಾಯಿತು. ನಮ್ಮ ಕಡೆ ಕಾರಿನ ಮುಂದಿನ ಸೀಟು ಖಾಲಿ ಇದ್ದರೆ ಅದು ಊರಿನ ಆಸ್ತಿ. ಸರ್ಕಲ್ಲಿನಲ್ಲಿ ಗಾಡಿ ನಿಧಾನವಾದರೆ ಸಾಕು, ಯಾರಾದರೂ ಬಾಗಿಲು ತೆಗೆದು, ಒಳಗೆ ಕುಳಿತು, ಆಮೇಲೆ "ಯಾವ ಕಡೆ ಹೊಂಟ್ರಿ?" ಎಂದು ಕೇಳುತ್ತಾರೆ. ಬೇಡ ಎಂದರೆ ಅಹಂಕಾರ. ಹಿಂದೆ ಕೂರಿ ಎಂದರೆ ಅವಮಾನ. ಯೋಚಿಸಿ ಯೋಚಿಸಿ ಮುರುಗೇಶ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ, ಕಾಯಿಲ್ ಸುಟ್ಟುಹೋದ ಒಂದು ಹಳೇ ಮೋಟರನ್ನು ಎತ್ತಿ ತಂದು ಆ ಸೀಟಿನ ಮೇಲೆ ಕೂರಿಸಿದ. ತನ್ನ ಬುದ್ಧಿಗೆ ತಾನೇ ಮೆಚ್ಚಿ ಗಾಡಿ ಸ್ಟಾರ್ಟ್ ಮಾಡಿದರೆ ಅದು 'ಟಣ್ ಟಣ್' ಎಂದು ಬಡಿದುಕೊಳ್ಳತೊಡಗಿತು. ಸೀಟಿನ ಮೇಲೆ ಭಾರದ ಆಸಾಮಿ ಇದ್ದಾನೆ, ಬೆಲ್ಟು ಹಾಕಿಲ್ಲ ಎಂಬುದು ಕಾರಿನ ತಕರಾರು. ಬೇರೆ ದಾರಿಯಿಲ್ಲದೆ ಮುರುಗೇಶ್ ಮೋಟರಿಗೆ ಬೆಲ್ಟು ಹಾಕಿದ.

ಅಂದಿನಿಂದ ಹೊಸದುರ್ಗದ ಜನ ದಿನವೂ ಒಂದು ದೃಶ್ಯ ನೋಡತೊಡಗಿದರು. ಮುಂದೆ ಗಂಡ. ಅವನ ಪಕ್ಕದಲ್ಲಿ, ಎದೆಗೆ ಬೆಲ್ಟು ಬಿಗಿದುಕೊಂಡ ಸುಟ್ಟ ಮೋಟರು. ಹಿಂದೆ ಒಂದು ಮೂಲೆಯಲ್ಲಿ ಕಿಟಕಿಯಾಚೆ ನೋಡುತ್ತಾ ಕುಳಿತ ಹೆಂಡತಿ.

ಪಕ್ಕದ ಮನೆಯ ಚಂದ್ರಕ್ಕ ಮೊದಲು ವಿಚಾರಿಸಿದಳು. "ಯಾಕೆ ದಾಕ್ಷಾಯಿಣಿ, ಇತ್ತೀಚೆಗೆ ಹಿಂದೆ ಕುಂತ್ಕಂತೀಯ?"

ಗಂಡನಿಗೆ ಕೊಟ್ಟ ಮಾತು ನೆನಪಾಗಿ ದಾಕ್ಷಾಯಿಣಿ, "ಏನಿಲ್ಲಕ್ಕ, ಸುಮ್ನೆ" ಎಂದು ನೆಲ ನೋಡಿದಳು.

ಅಷ್ಟು ಸಾಕಾಗಿತ್ತು. ಚಂದ್ರಕ್ಕ ಆ 'ಸುಮ್ನೆ'ಯನ್ನು ಮನೆಗೆ ಒಯ್ದು, ಚೆನ್ನಾಗಿ ಹಿಟ್ಟು ನಾದಿದಂತೆ ನಾದಿ, ಸಂಜೆಯೊಳಗೆ ಬೀದಿಗೆಲ್ಲ ಹಂಚಿದಳು. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂದು ಒಬ್ಬರೆಂದರು. ಮಾತು ಬಿಟ್ಟು ವರ್ಷವಾಯಿತು ಎಂದು ಇನ್ನೊಬ್ಬರೆಂದರು. ಸುದ್ದಿ ಹೊಳಲ್ಕೆರೆಯ ಮೇಲೆ ಹಾದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿದ್ದ ದಾಕ್ಷಾಯಿಣಿಯ ಅಣ್ಣ ಶಿವಕುಮಾರಪ್ಪನ ಕಿವಿಗೆ ಬೀಳುವಷ್ಟರಲ್ಲಿ, ಮುರುಗೇಶ್ ಹೆಂಡತಿಯನ್ನು ನಡುದಾರಿಯಲ್ಲಿ ಇಳಿಸಿ ಮೋಟರನ್ನು ಮಾತ್ರ ಮನೆಗೆ ಕರೆತಂದಿದ್ದ.

ಭಾನುವಾರ ಬೆಳಿಗ್ಗೆ ಮುರುಗೇಶ್ ಬಾಗಿಲು ತೆಗೆದರೆ ಎದುರಿಗೆ ಶಿವಕುಮಾರಪ್ಪ. ಅವನ ಹಿಂದೆ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ರೇವಣಸಿದ್ದಪ್ಪ. ಸುತ್ತಲಿನ ಊರುಗಳಲ್ಲಿ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡಿರ ಮನಸ್ತಾಪ ಎಲ್ಲವನ್ನೂ ಕೂರಿಸಿ ಮಾತಾಡಿ ಬಗೆಹರಿಸುವ ಹಿರಿಯರು ಅವರು. ಅವರು ಮನೆಗೆ ಬಂದರೆಂದರೆ ಜಗಳವಿದೆ ಎಂದೇ ಅರ್ಥ. ಜಗಳವಿಲ್ಲದಿದ್ದರೆ ಅವರು ಹೊರಡುವಷ್ಟರಲ್ಲಿ ಹುಟ್ಟಬೇಕು.

"ಬರ್ರಿ, ಕುಂತ್ಕಳ್ರಿ" ಎಂದ ಮುರುಗೇಶ್ ಕಕ್ಕಾಬಿಕ್ಕಿಯಾಗಿ.

"ಕುಂತ್ಕಳಾಕೇ ಬಂದೀವಿ" ಎಂದರು ರೇವಣಸಿದ್ದಪ್ಪ. "ನಮ್ಮ ಹುಡುಗಿನೂ ಕರಿ. ಇಬ್ರೂ ಎದ್ರು ಬದ್ರು ಕುಂತ್ಕಳ್ರಿ."

ಕಾಫಿ ತಂದ ದಾಕ್ಷಾಯಿಣಿ ವಿಷಯ ತಿಳಿದು ನಕ್ಕುಬಿಟ್ಟಳು. "ನಮ್ಮಿಬ್ರಿಗೆ ಜಗಳನೇ ಇಲ್ಲಣ್ಣ."

ಶಿವಕುಮಾರಪ್ಪನ ಕಣ್ಣು ತುಂಬಿತು. "ನೋಡ್ರಿ, ಎಷ್ಟು ಸಹಿಸ್ಕಂಡೈತೆ ನನ್ನ ತಂಗಿ. ನಗ್ತೈತೆ, ನಕ್ಕಂಡು ಸಹಿಸ್ಕಂತೈತೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಮುರುಗೇಶ್ ಮರ್ಯಾದೆಯನ್ನು ಪಕ್ಕಕ್ಕಿಟ್ಟು ಏರ್‌ಬ್ಯಾಗಿನ ಕಥೆಯನ್ನೆಲ್ಲ ಒದರಿದ. ರೇವಣಸಿದ್ದಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ ಒಂದೊಂದಾಗಿ ಪ್ರಶ್ನೆ ಹಾಕಿದರು.

"ಅದನ್ನ ಹಾಕಿರದು ಯಾತಕ್ಕಪ್ಪ?"

"ಜೀವ ಉಳಿಸಾಕೆ."

"ಈಗ ಅದೇನು ಮಾಡ್ತೈತೆ ಅಂತೀಯ?"

"ಜೀವ ತೆಗಿಬಹುದು ಅಂತ."

"ಹೇಳಿದೋರು ಯಾರು?"

"ಅದನ್ನ ಮಾಡಿದ ಕಂಪನಿಯೋರೇ."

ರೇವಣಸಿದ್ದಪ್ಪ ಶಿವಕುಮಾರಪ್ಪನ ಮುಖ ನೋಡಿದರು. ಬಹಳ ಗಂಡಂದಿರ ಬಹಳ ಸುಳ್ಳುಗಳನ್ನು ಕೇಳಿದ ಅನುಭವ ಅವರಿಗಿತ್ತು, ಆದರೆ ಇಷ್ಟು ಸಡಿಲವಾದದ್ದನ್ನು ಅವರು ಈವರೆಗೆ ಕೇಳಿರಲಿಲ್ಲ. ಮುರುಗೇಶ್ ಮೊಬೈಲು ತೆಗೆದು ಮೆಸೇಜು ತೋರಿಸಿದ.

"ಇಂಥವು ನನಗೂ ದಿನಾ ಬರ್ತವೆ" ಎಂದ ಶಿವಕುಮಾರಪ್ಪ. "ನಿನ್ನೆ ಲಾಟ್ರಿ ಹೊಡೆದೈತೆ ಅಂತ ಬಂದಿತ್ತು. ನಾನೇನು ಎಮ್ಮೆ ಮಾರಿಬಿಟ್ನಾ?"

ಕೊನೆಯ ಅಸ್ತ್ರವಾಗಿ ಮುರುಗೇಶ್ ಶೋರೂಮಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. "ಕಿರಣ್‌ಕುಮಾರ್, ನಮ್ಮ ಹಿರಿಯರು ಇಲ್ಲೇ ಕುಂತವ್ರೆ. ನನ್ನ ಗಾಡಿಯಾಗೆ ಏನು ತೊಂದ್ರೆ ಐತೆ ಅಂತ ಸ್ವಲ್ಪ ಹೇಳಪ್ಪ."

ಇಷ್ಟು ತಿಂಗಳು ಬೈಸಿಕೊಂಡಿದ್ದ ಕಿರಣ್‌ಕುಮಾರನಿಗೆ, ಗಿರಾಕಿ ಈಗ ಹಿರಿಯರನ್ನೂ ಕೂಡಿಸಿಕೊಂಡು ಬೈಯಲು ಕುಳಿತಿದ್ದಾನೆ ಅನ್ನಿಸಿರಬೇಕು. ಅವನ ದನಿಯಲ್ಲಿ ಎಂದಿಗಿಂತ ಹೆಚ್ಚು ಜೇನು ಸುರಿಯಿತು. "ಅಯ್ಯೋ, ಏನೇನೂ ತೊಂದರೆ ಇಲ್ಲ ಸರ್. ನಿಮ್ಮದು ಬಹಳ ಒಳ್ಳೆಯ ಗಾಡಿ. ಫ್ಯಾಮಿಲಿ ಜೊತೆ ಆರಾಮಾಗಿ ಓಡಾಡಿ."

ರೇವಣಸಿದ್ದಪ್ಪ ಗಂಟಲು ಸರಿಮಾಡಿಕೊಂಡು ದಾಕ್ಷಾಯಿಣಿಯ ಕಡೆ ತಿರುಗಿದರು.

"ಹೆದರ್ಕಬೇಡ ತಾಯಿ. ಇಷ್ಟು ವರ್ಷದ ಸಂಸಾರದಾಗೆ ಇವನ ಮೇಲೆ ನಿಂದು ಒಂದು ದೂರೂ ಇಲ್ವಾ?"

ದಾಕ್ಷಾಯಿಣಿ ಇಲ್ಲ ಎನ್ನಲು ಬಾಯಿ ತೆರೆದಳು. ಆಮೇಲೆ ಯಾಕೋ ಯೋಚಿಸಿದಳು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಒಂದೂ ಇಲ್ಲ ಅಂತ ಅಲ್ಲ" ಎಂದು ಶುರು ಮಾಡಿದಳು. "ಹರಿಯಬ್ಬೆಗೆ ಹೋಗಾಣ ಅಂದ್ರೆ ಇವರ ಗಾಡಿಗೆ ಸರ್ವಿಸ್ ಇರ್ತೈತೆ. ಅವರಕ್ಕನ ಮನೆಗೆ ಅಂದ್ರೆ ಸರ್ವಿಸ್ ಆಗಿರ್ತೈತೆ. ದಾರಿಯಾಗೆ ಮಿರ್ಚಿ ಮಂಡಕ್ಕಿ ತಿನ್ನಾಣ ಅಂದ್ರೆ ಸೀಟು ಎಣ್ಣೆ ಆಗ್ತೈತೆ ಅಂತಾರೆ. ಎಸಿ ಗಾಳಿ ಪೂರ್ತಿ ಅವರ ಕಡೆಗೇ ತಿರುಗ್ಸಿರ್ತಾರೆ."

"ನನಗೆ ಬೆವರು ಜಾಸ್ತಿ" ಎಂದ ಮುರುಗೇಶ್.

"ನಾನೇನು ಐಸ್ ಪೆಟ್ಟಿಗೆಯಾಗೆ ಹುಟ್ಟೀನಾ?"

"ಕೊಬ್ಬರಿ ಮಿಠಾಯಿ ತಿಂದು ಕೈನ ಸೀಟಿಗೆ ಒರೆಸಿದ್ದು ಯಾರು?"

ಹೀಗೆ ಜಗಳವಿಲ್ಲದ ಮನೆಯಲ್ಲಿ ರಾಜಿ ಮಾಡಿಸಲು ಬಂದವರ ಸಮಕ್ಷಮದಲ್ಲಿ ಒಂದು ಒಳ್ಳೆಯ ಜಗಳ ಹುಟ್ಟಿ, ಬೆಳೆದು, ದೊಡ್ಡದಾಯಿತು. ಬಂದದ್ದು ಸಾರ್ಥಕವಾಯಿತು ಎಂಬಂತೆ ರೇವಣಸಿದ್ದಪ್ಪ ತೃಪ್ತಿಯಿಂದ ತಲೆಯಾಡಿಸಿ ತೀರ್ಪು ಕೊಟ್ಟರು.

"ಇವತ್ತು ಬಾಗೂರಿನಾಗೆ ಗೃಹಪ್ರವೇಶ ಐತೆ, ನಮಗೆಲ್ಲ ಕರೆ ಐತೆ. ಎಲ್ರೂ ನಿನ್ನ ಕಾರಿನಾಗೇ ಹೋಗಾಣ. ದಾಕ್ಷಾಯಿಣಿ ಮುಂದಿನ ಸೀಟಿನಾಗೆ ಕುಂತು ಬರಬೇಕು. ಊರೆಲ್ಲ ನೋಡ್ಬೇಕು. ಅಲ್ಲಿಗೆ ಬಾಯಿಗಳು ಮುಚ್ಕಂತವೆ."

"ಆಗಲ್ಲ" ಎಂದ ಮುರುಗೇಶ್.

"ಹಿರೇರ ಮಾತಿಗೆ ಆಗಲ್ಲ ಅಂತೀರಾ?" ಶಿವಕುಮಾರಪ್ಪ ಎದ್ದು ನಿಂತ. "ನಡಿ ತಂಗಿ, ಬಟ್ಟೆ ತುಂಬ್ಕ. ಊರಿಗೆ ಹೋಗಾಣ."

ಇತ್ತ ಅವಳನ್ನು ಮುಂದೆ ಕೂರಿಸಿದರೆ ಪ್ರಾಣಭಯ, ಅತ್ತ ಕೂರಿಸದಿದ್ದರೆ ಅವಳು ತವರಿಗೆ. ಆದರೂ ಮುರುಗೇಶ್ ಜಗ್ಗಲಿಲ್ಲ. "ನೀವು ನನ್ನ ಕೆಟ್ಟೋನು ಅನ್ರಿ, ಸುಳ್ಳ ಅನ್ರಿ. ಆ ಸೀಟಿನಾಗೆ ಮಾತ್ರ ಅವಳನ್ನ ಕೂರ್ಸಲ್ಲ. ಅವಳಿಗೆ ಏನಾದ್ರೂ ಆದ್ರೆ ಆ ಮೋಟ್ರು ತಗಂಡು ನಾನೇನು ಮಾಡ್ಲಿ?" ಎಂದವನ ದನಿ ನಡುವೆ ಒಡೆಯಿತು.

ಎಸಿ, ಮಿರ್ಚಿ, ಮಿಠಾಯಿ ಎಲ್ಲವನ್ನೂ ದಾಕ್ಷಾಯಿಣಿ ಅದೇ ಗಳಿಗೆಯಲ್ಲಿ ಮನ್ನಿಸಿಬಿಟ್ಟಳು. ಈ ಮನುಷ್ಯ ಇಷ್ಟು ದಿನ ಕಾರಿನ ಮರ್ಯಾದೆಗೆ ಹೆದರುತ್ತಿದ್ದಾನೆ ಎಂದುಕೊಂಡಿದ್ದಳು, ತನಗಾಗಿ ಹೆದರುತ್ತಿದ್ದದ್ದು ಈಗ ತಿಳಿದು ಅವಳಿಗೆ ಖುಷಿಯಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಬಂದು ಅವನ ಮುಂದೆ ಕೈ ಚಾಚಿದಳು.

"ಗಾಡಿ ಕೀ ಕೊಡ್ರಿ."

"ಯಾತಕ್ಕೆ?"

"ಹಿರೇರು ಮುಂದೆ ಕುಂತ್ಕ ಅಂದವ್ರೆ. ಕೆಟ್ಟಿರದು ಎಡಗಡೆದು ತಾನೆ? ಬಲಗಡೆನೂ ಮುಂದಿನ ಸೀಟೇ."

"ನಿನಗೆಲ್ಲೇ ಓಡ್ಸಾಕೆ ಬರ್ತೈತೆ?"

"ಮಗಳು ಸಹನಾ ಚಿತ್ರದುರ್ಗದ ಹಾಸ್ಟೆಲ್ಲಿನಾಗೆ ಇದ್ದಾಗ ನೋಡಾಕೆ ಹೋಗ್ತಿದ್ನಲ್ಲ, ಆಗ ಇಬ್ರೂ ಕಲ್ತ್ವಿ. ಲೈಸೆನ್ಸೂ ಐತೆ."

"ಲೈಸೆನ್ಸು ಎಲ್ಲಿಂದ ಬಂತು?"

"ಆರ್‌ಟಿಒ ಆಫೀಸಿಂದ" ಎಂದಳು ದಾಕ್ಷಾಯಿಣಿ, ಅದೇನು ದೊಡ್ಡ ವಿಷಯವೆಂಬಂತೆ.

ತಂಗಿಯ ಧೈರ್ಯ ಕಂಡು ಶಿವಕುಮಾರಪ್ಪ ಬೀಗಿದ. ಆದರೆ ಆ ಬೀಗುವಿಕೆ ಗಾಡಿ ಗೇರಿಗೆ ಬೀಳುವವರೆಗೆ ಮಾತ್ರ ಇತ್ತು. ಆಮೇಲೆ ಅವನು ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಇನ್ನೊಂದು ಕಿಟಕಿಯ ಬದಿಗೆ ರೇವಣಸಿದ್ದಪ್ಪ ಶಿವಸ್ಮರಣೆಯಲ್ಲಿದ್ದರು. ಇಬ್ಬರ ನಡುವೆ, ಕಾಲಿಡಲು ಜಾಗವಿಲ್ಲದ ಉಬ್ಬು ಸೀಟಿನ ಮೇಲೆ ಮೊಣಕಾಲು ಮಡಿಸಿಕೊಂಡು, ಕಾರಿನ ಮಾಲೀಕ. ಮುಂದೆ ಎಡಗಡೆ ಬೆಲ್ಟು ಹಾಕಿಕೊಂಡ ಮೋಟರು ಮಾತ್ರ ನಿರಾಳವಾಗಿ ಕುಳಿತಿತ್ತು.

"ಬ್ರೇಕ್, ಬ್ರೇಕ್ ಹಿಡಿ. ಎಮ್ಮೆ ಐತೆ" ಎಂದು ಕೂಗಿದ ಮುರುಗೇಶ್.

"ಕಾಣ್ತೈತೆ ಬಿಡ್ರಿ. ಎಮ್ಮೆಗೂ ನಾನು ಕಾಣ್ತೀನಿ."

ಚಂದ್ರಕ್ಕನ ಮನೆಯ ಮುಂದೆ ದಾಕ್ಷಾಯಿಣಿ ಬೇಕೆಂದೇ ಗಾಡಿ ನಿಧಾನ ಮಾಡಿ ಒಮ್ಮೆ ಹಾರ್ನ್ ಹೊಡೆದಳು. ರಂಗೋಲಿ ಹಾಕುತ್ತಿದ್ದ ಚಂದ್ರಕ್ಕ ತಲೆಯೆತ್ತಿದಳು. ಕೈಯಲ್ಲಿದ್ದ ಪುಡಿಯೆಲ್ಲ ಒಂದೇ ಚುಕ್ಕಿಗೆ ಸುರಿಯಿತು. ಸರ್ಕಲ್ಲಿನಲ್ಲಿ ಜನ ಟೀ ಲೋಟ ಹಿಡಿದುಕೊಂಡೇ ರಸ್ತೆಗೆ ಬಂದರು. ಬಾಗೂರು ತಲುಪಿದಾಗ ಗಾಡಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಎಲ್ಲರಿಗಿಂತ ಮೊದಲು ಇಳಿದು ನೆಲ ಮುಟ್ಟಿ ನಮಸ್ಕಾರ ಮಾಡಿದವರು ರೇವಣಸಿದ್ದಪ್ಪ. ಹೊಸ ಮನೆಯವರು ಅದು ತಮ್ಮ ಹೊಸಿಲಿಗೆ ಸಂದ ಗೌರವವೆಂದುಕೊಂಡರು.

ಊರ ಬಾಯಿ ಮುಚ್ಚಿತು. ಆದರೆ ಡ್ರೈವರ್ ಸೀಟಿನಿಂದ ದಾಕ್ಷಾಯಿಣಿ ಮೇಲೇಳಲಿಲ್ಲ. ಹರಿಯಬ್ಬೆಗೆ ಹೋಗಿಬಂದಳು. ಹೆಂಗಸರನ್ನು ತುಂಬಿಕೊಂಡು ಜೋಗಿಮಟ್ಟಿ ಬೆಟ್ಟಕ್ಕೂ ಹೋಗಿಬಂದಳು. ಹೋದಲ್ಲೆಲ್ಲ ಮಿರ್ಚಿ ತಿಂದಳು. ಮುರುಗೇಶ್ ಹಿಂದೆ ಕುಳಿತು ಬ್ರೇಕು ಇರದ ಜಾಗದಲ್ಲಿ ಬ್ರೇಕು ತುಳಿಯುತ್ತಾ, ಪಾರ್ಟು ಒಂದು ಬಂದುಬಿಡಲಿ, ಎಡಗಡೆ ಸೀಟು ಸರಿಯಾದರೆ ಇವಳು ತಾನಾಗಿ ತನ್ನ ಜಾಗಕ್ಕೆ ಹೋಗುತ್ತಾಳೆ, ತನ್ನ ಜಾಗ ತನಗೆ ಸಿಗುತ್ತದೆ ಎಂದು ದಿನ ಎಣಿಸಿದ. ಈಗ ಶೋರೂಮಿಗೆ ಅವನು ಬೈಯುತ್ತಿರಲಿಲ್ಲ, ಅಂಗಲಾಚುತ್ತಿದ್ದ.

ಕೊನೆಗೂ ದೀಪಾವಳಿಯ ಹಿಂದಿನ ವಾರ ಪಾರ್ಟು ಬಂತು. ಚಿತ್ರದುರ್ಗದ ಶೋರೂಮಿನಲ್ಲಿ ಮುರುಗೇಶ್ ತಾನೇ ಮೋಟರನ್ನು ಇಳಿಸಿ ಡಿಕ್ಕಿಗೆ ಹಾಕಿದ. ಹೊಸ ಏರ್‌ಬ್ಯಾಗು ಹಾಕಿ ಮುಗಿಸುವವರೆಗೂ ಗಾಜಿನಾಚೆಯಿಂದ ಕಣ್ಣು ಕೀಳದೆ ನೋಡಿದ.

"ಈಗ ಎಡಗಡೆ ಎಷ್ಟು ಹೊತ್ತು ಬೇಕಾದ್ರೂ ಕೂರಬಹುದಾ?"

"ಧಾರಾಳವಾಗಿ ಸರ್. ಇನ್ನು ನಿಶ್ಚಿಂತೆ" ಎಂದ ಕಿರಣ್‌ಕುಮಾರ್.

ಮುರುಗೇಶ್ ಆ ಪುಣ್ಯಾತ್ಮನ ಕೈ ಕುಲುಕಿ, ಶರ್ಟಿನ ತೋಳು ಮಡಿಸಿಕೊಂಡು, ಎಷ್ಟೋ ದಿನಗಳ ಮೇಲೆ ರಾಜಠೀವಿಯಿಂದ ನಡೆದುಹೋಗಿ ಬಲಗಡೆಯ ಬಾಗಿಲು ತೆಗೆದ. ಒಳಗೆ ದಾಕ್ಷಾಯಿಣಿ ಆಗಲೇ ಬೆಲ್ಟು ಹಾಕಿಕೊಂಡು, ಕನ್ನಡಿ ಸರಿಮಾಡಿಕೊಂಡು, ಸ್ಟೀರಿಂಗ್ ಹಿಡಿದು ಕುಳಿತಿದ್ದಳು. ಗಂಡನನ್ನು ನೋಡಿ ಬಹಳ ಪ್ರೀತಿಯಿಂದ ಪಕ್ಕದ ಖಾಲಿ ಸೀಟನ್ನು ತಟ್ಟಿದಳು.

"ಪಾಪ, ಎಷ್ಟು ದಿನ ಹಿಂದೆ ಕುಂತಿದ್ರಿ. ಇನ್ನೇನು ಭಯ ಇಲ್ಲಂತೆ. ಆ ಕಡೆಯಿಂದ ಬರ್ರಿ, ಮುಂದೆ ಕುಂತ್ಕಳ್ರಿ."