ಹಾಸಿಗೆ ಹಿಡಿದು ಸ್ಟಾರ್ ಆದದ್ದು

ಬೈಸಿಕೊಂಡು ಆಗುವ ಅವಮಾನವನ್ನು ಮನುಷ್ಯ ಹೇಗೋ ತಡೆದುಕೊಂಡಾನು. ಹೊಗಳಿಸಿಕೊಂಡು ಆಗುವ ಅವಮಾನ ಇದೆಯಲ್ಲ, ಅದು ಶತ್ರುವಿಗೂ ಬೇಡ. ಬೈದವರಿಗೆ ತಿರುಗಿ ಬೈಯಬಹುದು, ಕಡೇ ಪಕ್ಷ ಮನೆಗೆ ಬಂದು ಕೂಗಾಡಬಹುದು. ಕೈಕುಲುಕಿ, ಗೋಡೆಗೆ ಮೊಳೆ ಹೊಡೆದು, ನಮ್ಮ ಫೋಟೋ ನೇತುಹಾಕಿದವರನ್ನು ಏನೆಂದು ಬೈಯುವುದು? ಈ ಮಾತು ಬರೆಯುವಾಗಲೂ ನನಗೆ ಮೈ ಉರಿಯುತ್ತಿದೆ. ಹಾಗಂತ ನಾನೇನೂ ಹುಟ್ಟಾ ಮುಂಗೋಪಿಯಲ್ಲ, ಬೇಕಾದರೆ ನನ್ನ ಹೆಂಡತಿ ಸುಮಿತ್ರಳನ್ನು ಕೇಳಿ. ಬೇಡ, ಅವಳನ್ನು ಕೇಳಬೇಡಿ.

ಮೂಡಿಗೆರೆ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ನಾನು ಹಲ್ಲರ್ ಓಡಿಸುವವನು. ಎಸ್ಟೇಟುಗಳಿಂದ ಬರುವ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಬಿಡಿಸಿ ಕಾಳು ಹೊರಗೆ ಬಿಡುವ ಯಂತ್ರ ಅದು. ನನಗಿಂತ ಮೊದಲು ಆ ಕಾಫಿಯನ್ನು ಕಣದಲ್ಲಿ ಮತ್ತೊಮ್ಮೆ ಹರವಿ ಒಣಗಿಸುವವನು ಶೇಷಪ್ಪ. ನನ್ನ ನಂತರ ಒಡಕು ಕಾಳು, ಕಪ್ಪು ಕಾಳು ಆರಿಸಿ ತೆಗೆಯುವ ಹೆಂಗಸರ ಮೇಲ್ವಿಚಾರಣೆ ಗಿರಿಜಕ್ಕನದು. ಬೆಳಿಗ್ಗೆ ಹತ್ತಕ್ಕೆ ಗಿರಿಜಕ್ಕ ದೊಡ್ಡ ಕೆಟಲಿನಲ್ಲಿ ಬೆಲ್ಲದ ಕಾಫಿ ಮಾಡಿದರೆ ಮೂರೂ ವಿಭಾಗದವರು ಚೀಲಗಳ ಮೇಲೆ ಕೂತು ಕುಡಿಯುವುದು ವಾಡಿಕೆ. ನೋಡಿದವರಿಗೆ ಅದು ಸೋಮಾರಿಗಳ ಸಭೆ. ಆದರೆ ಕಾರ್ಖಾನೆ ನಡೆಯುತ್ತಿದ್ದುದೇ ಅಲ್ಲಿ. ಶೇಷಪ್ಪ ಒಂದು ಕಾಳು ಹಲ್ಲಿನಲ್ಲಿ ಕಚ್ಚಿ, "ಇದಿನ್ನೂ ಹಸಿ ಉಂಟು ಮಾರಾಯ, ಇನ್ನೊಂದು ಬಿಸಿಲು ಕಾಣ್ಲಿ. ಇವತ್ತು ಮೆಷಿನ್ನಿಗೆ ಹಾಕ್ಬೇಡ" ಅನ್ನುತ್ತಿದ್ದ. ನಾನು ಹಾಕುತ್ತಿರಲಿಲ್ಲ. ಕಾಳು ಜಜ್ಜದೆ ಬರುತ್ತಿತ್ತು, ಗಿರಿಜಕ್ಕನ ಕೆಲಸ ಹಗುರಾಗುತ್ತಿತ್ತು. ಯಾರಿಂದ ತಪ್ಪಾದರೂ ಪಕ್ಕದವರು ಸದ್ದಿಲ್ಲದೆ ಸರಿಮಾಡಿ, ಆಮೇಲೆ ವಾರವಿಡೀ ಆಡಿಕೊಂಡು ನಗುತ್ತಿದ್ದರು. ನಮ್ಮಲ್ಲಿ ಶಿಕ್ಷೆ ಎಂದರೆ ಅಷ್ಟೇ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಹೊಸ ಮ್ಯಾನೇಜರು ಬಂದ ಮೇಲೆ. ಒಳ್ಳೆಯ ಮನುಷ್ಯರೇ, ಆದರೆ ಒಳ್ಳೆಯದನ್ನು ಮಾಡಿಯೇ ತೀರುತ್ತೇನೆಂದು ಹೊರಟವರು. ನಮ್ಮನ್ನೆಲ್ಲ ಕೂರಿಸಿ, "ಇನ್ಮೇಲೆ ನಮ್ಮದು ಪರ್ಫಾರ್ಮೆನ್ಸ್ ಕಲ್ಚರ್. ತಿಂಗಳ ಮೊದಲ ದಿನ ಎಲ್ಲರಿಗೂ ಪೂರ್ತಿ ಅಂಕ. ತಪ್ಪಾದ ಹಾಗೆಲ್ಲ ಕಡಿತ. ಅಂಕ ಉಳಿಸ್ಕೊಂಡೋರಿಗೆ ಇನ್ಸೆಂಟಿವ್, ಮೊದಲು ಬಂದೋರು ತಿಂಗಳ ಸ್ಟಾರ್!" ಎಂದರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟದಿದ್ದರೆ ಅಂಕ ಹೋದೀತೆಂಬ ಭಯ ಆಗಲೇ ಶುರುವಾಗಿತ್ತು.

ಆಮೇಲಿನದು ಕೇಳಬೇಡಿ. ಕಣದಿಂದ ಮಾಲು ತಡವಾದರೆ ಶೇಷಪ್ಪನಿಗೆ ಕಡಿತ, ಹಾಗಾಗಿ ಅವನು ಹಸಿಯಿದ್ದದ್ದನ್ನೇ ಕಳಿಸಿದ. ಮೆಷಿನ್ನು ನಿಂತರೆ ನನಗೆ ಕಡಿತ, ಹಾಗಾಗಿ ಬಂದದ್ದನ್ನು ಹಾಗೇ ಸುರಿದೆ. ಒಡಕು ಕಾಳು ಉಳಿದರೆ ಗಿರಿಜಕ್ಕನಿಗೆ ಕಡಿತ. ಪಾಪ, ನಮ್ಮ ಹಾಗೆ ಮುಂದಿನವರಿಗೆ ದಾಟಿಸಿಬಿಡೋಣವೆಂದರೆ ಅವಳ ನಂತರ ಯಾರೂ ಇರಲಿಲ್ಲ. ಅವಳು ನನ್ನ ಮೇಲೆ ದೂರು ಕೊಟ್ಟಳು, ನಾನು ಶೇಷಪ್ಪನ ಮೇಲೆ ಕೊಟ್ಟೆ, ಶೇಷಪ್ಪ ಮೋಡದ ಮೇಲೆ ಕೊಟ್ಟ. ಹತ್ತರ ಕಾಫಿಗೆ ಎಲ್ಲರೂ ಬರುತ್ತಿದ್ದೆವು, ಆದರೆ ಮಾತಿಲ್ಲ, ಲೋಟ ಖಾಲಿಯಾದ ಕೂಡಲೇ ಎದ್ದು ಹೋಗುವುದು. ಉತ್ಪಾದನೆ ಹೆಚ್ಚಿದೆ ಎಂದು ಬೋರ್ಡಿನಲ್ಲಿ ಬರೆದರು. ಹೆಚ್ಚಿದ್ದು ಒಡಕು ಕಾಳು.

ಇಷ್ಟರಲ್ಲಿ ನನಗೆ ಕಾಮಾಲೆ ಬಂತು. ತಿಂಗಳು ಹುಟ್ಟುವಾಗ ಹಾಸಿಗೆ ಹಿಡಿದವನು ತಿಂಗಳು ಮುಗಿಯುವವರೆಗೂ ಬಣಕಲ್ಲಿನ ಮನೆಯಲ್ಲಿ ಗಂಜಿ ಕುಡಿದುಕೊಂಡು ಬಿದ್ದಿದ್ದೆ. ಕಾಫಿ ಬಂದ್. ಸುಮಿತ್ರ ಹೊರನಾಡಿಗೆ ಹರಕೆ ಹೊತ್ತಳು, ನಾನು ಗುಣವಾಗಲಿ ಅಂತಲೋ ಬೇಗ ಮನೆಯಿಂದ ಹೊರಡಲಿ ಅಂತಲೋ ಸ್ಪಷ್ಟವಿಲ್ಲ. ಆ ತಿಂಗಳು ಪೂರ್ತಿ ನನ್ನ ಮೆಷಿನ್ನು ಓಡಿಸಿದವನು ಶೇಷಪ್ಪ. ತನ್ನ ಕಣವನ್ನೂ ನೋಡಿಕೊಳ್ಳುತ್ತಾ, ಬೆಲ್ಟು ಕಳಚಿದಾಗಲೆಲ್ಲ ಓಡಿಬರುತ್ತಾ, ಎರಡೂ ಕಡೆ ಎಡವಟ್ಟಾಗಿ ಎರಡೂ ಕಡೆಯ ಅಂಕ ಕಳೆದುಕೊಂಡಿದ್ದ.

ಚೇತರಿಸಿಕೊಂಡು ಕೆಲಸಕ್ಕೆ ಹೋದ ದಿನ ಗೇಟಿನೊಳಗೆ ಕಾಲಿಡುತ್ತೇನೆ, ಎದುರು ಗೋಡೆಯ ಮೇಲೆ ನಾನೇ! ಗುರುತಿನ ಚೀಟಿಯ ಅರೆಮುಚ್ಚಿದ ಕಣ್ಣಿನ ಫೋಟೋವನ್ನು ದೊಡ್ಡದು ಮಾಡಿಸಿ, ಅದಕ್ಕೊಂದು ಗಂಧದ ಹಾರ ಹಾಕಿದ್ದರು. ಕಾಯಿಲೆಯಲ್ಲೇ ತೀರಿಕೊಂಡೆನೋ ಏನೋ ಎಂದು ಒಂದು ಕ್ಷಣ ಗಾಬರಿಯಾಯಿತು. ಹತ್ತಿರ ಹೋದರೆ ಕೆಳಗೆ 'ತಿಂಗಳ ಸ್ಟಾರ್' ಎಂದಿತ್ತು. ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದೆ.

"ಸಾರ್, ನಾನು ಕೆಲಸಕ್ಕೇ ಬಂದಿಲ್ಲ!"

"ಕಾಯಿಲೆ ರಜೆ ತಪ್ಪಲ್ವಲ್ಲ. ಇಡೀ ತಿಂಗಳು ನಿಮ್ಮ ಹೆಸರಲ್ಲಿ ಒಂದೇ ಒಂದು ತಪ್ಪಿಲ್ಲ. ಇಡೀ ಕಾರ್ಖಾನೆಯಲ್ಲಿ ನೀವೊಬ್ರೇ!"

"ಮಲಗಿದ್ದೋನು ತಪ್ಪು ಹೇಗೆ ಮಾಡ್ಲಿ ಸಾರ್? ಕೊಡೋದಿದ್ರೆ ಶೇಷಪ್ಪನಿಗೆ ಕೊಡಿ."

"ಸಿಸ್ಟಮ್ ಒಪ್ಪಲ್ಲ. ಆದ್ರೆ ಈ ವಿನಯ ಇದೆಯಲ್ಲ, ಇದೇ ನಮ್ಮ ಕಲ್ಚರ್" ಎಂದು ಬಹುಮಾನದ ಫ್ಲಾಸ್ಕನ್ನು ನನ್ನ ಕೈಗೆ ತುರುಕಿದರು.

ವಿನಯವಂತೆ, ವಿನಯ! ಇಷ್ಟು ವರ್ಷ ಸಿಪ್ಪೆಯ ಧೂಳು ನುಂಗಿ ದುಡಿದಾಗ ಒಂದು ಹೂವಿನೆಸಳು ಕೊಟ್ಟವರಿಲ್ಲ, ಮಲಗಿದ್ದಕ್ಕೆ ಗಂಧದ ಹಾರ. ನಾನು ಬಾರದಿರುವುದೇ ಕಂಪನಿಗೆ ನಾನು ಮಾಡಬಹುದಾದ ದೊಡ್ಡ ಉಪಕಾರ ಎಂದಲ್ಲವೇ ಇದರ ಅರ್ಥ? ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಹತ್ತು ಗಂಟೆಗೆ ಗಿರಿಜಕ್ಕ ಎಲ್ಲರ ಲೋಟಕ್ಕೂ ಸುರಿದು ನನ್ನ ಮುಂದೆ ಬಂದು, "ನಿಮ್ಗೆ ಫ್ಲಾಸ್ಕ್ ಉಂಟಲ್ಲ, ಸ್ಟಾರ್ ಸಾಹೇಬ್ರೆ" ಎಂದು ಕೆಟಲು ಎತ್ತಿಕೊಂಡು ಹೋದಳು. ಶೇಷಪ್ಪ ನನ್ನ ಮುಖ ನೋಡದೆ, "ಬೆಲ್ಟ್ ಬಿಗಿ ಮಾಡಿಟ್ಟಿದ್ದೇನೆ, ನೋಡ್ಕೊಳ್ಳಿ" ಎಂದ. ನೋಡ್ಕೊಳ್ಳಿ! ಮೀಸೆ ಮೂಡುವ ಮೊದಲಿಂದ ನನ್ನನ್ನು 'ಏ ಮಾರಾಯ' ಎಂದವನು ಬಹುವಚನಕ್ಕೆ ಇಳಿದಿದ್ದ. ನನಗೆ ನಿಜವಾಗಿಯೂ ಅಳು ಬಂತು. ಸಂಜೆ ಇದನ್ನೆಲ್ಲ ಹೇಳಿಕೊಂಡರೆ ಸುಮಿತ್ರ, "ಮನೇಲೂ ನೀವು ಕೆಲಸ ಮಾಡದ ದಿನವೇ ತಪ್ಪು ಕಮ್ಮಿ. ಆ ಮ್ಯಾನೇಜ್ರು ಹೇಳಿದ್ರಲ್ಲಿ ಎಂತ ಸುಳ್ಳುಂಟು?" ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನೋಡಿದಳು.

ನಾನು ನಿಶ್ಚಯಿಸಿಬಿಟ್ಟೆ. ತಪ್ಪು ಮಾಡಬೇಕು, ಸಿಕ್ಕಿಬೀಳಬೇಕು, ಗೋಡೆಯಿಂದ ಇಳಿಯಬೇಕು. ಮರುದಿನ ಬೇಕೆಂದೇ ಬಸ್ಸು ಬಿಟ್ಟು ಅರ್ಧ ಗಂಟೆ ತಡವಾಗಿ ಹೋದೆ. ನೋಡಿದರೆ ನನ್ನ ಮೆಷಿನ್ನು ಓಡುತ್ತಿತ್ತು, ಮ್ಯಾನೇಜರಿಗೆ ಶೇಷಪ್ಪ, "ಈಗ ಇಲ್ಲೇ ಇದ್ರು, ಗ್ರೀಸ್ ತರೋಕೆ ಹೋದ್ರು" ಎಂದಿದ್ದನಂತೆ. ಸಂಜೆ ಚೀಲಗಳ ಬಾಯಿ ಹೊಲಿಯದೆ ಬಿಟ್ಟೆ. ಬೆಳಿಗ್ಗೆ ಬಂದರೆ ಎಲ್ಲಕ್ಕೂ ಹೊಲಿಗೆ, ಅದೂ ಗಿರಿಜಕ್ಕನ ಕೈಯ ಒತ್ತೊತ್ತಾದ ಹೊಲಿಗೆ. ನನಗೆ ತಲೆ ಕೆಟ್ಟುಹೋಯಿತು. ಕಣಕ್ಕೆ ಹೋಗಿ ಶೇಷಪ್ಪನ ಕೈಯಲ್ಲಿದ್ದ ಕಾಫಿ ಹರವುವ ಹಲಗೆ ಕಿತ್ತುಕೊಂಡು ಕೂಗಿದೆ:

"ನನ್ನ ಕಂಡ್ರೆ ಸಿಟ್ಟು ತಾನೇ ನಿಂಗೆ? ಮತ್ಯಾಕೆ ನನ್ನ ತಪ್ಪು ಮುಚ್ತೀಯ?"

"ಸಿಟ್ಟು ಬೇರೆ, ಅಭ್ಯಾಸ ಬೇರೆ" ಎಂದ ಅವನೂ ಅಷ್ಟೇ ಜೋರಾಗಿ. "ಮ್ಯಾನೇಜ್ರ ಸ್ಕೀಮು ಬಂದಿದ್ದು ಮೊನ್ನೆ. ನಿನ್ನ ತಪ್ಪು ಮುಚ್ಚೋದು ನಂಗೆ ಹೊಸ್ತಾ ಮಾರಾಯ?"

ಮಾರಾಯ ಎಂದ! ನಾನು ಹಲಗೆ ವಾಪಸು ಕೊಟ್ಟೆ. ಅವನು ಕಣದಿಂದ ಒಂದು ಕಾಳು ಎತ್ತಿ ಕಚ್ಚಿ, "ಹಸಿ ಉಂಟು. ಇವತ್ತು ಹಾಕ್ಬೇಡ" ಎಂದ. ಆ ದಿನ ನನ್ನ ಮೆಷಿನ್ನು ನಿಂತೇ ಇತ್ತು. ಅಂಕ ಹೋಗದಿರಲೆಂದು ಅದಕ್ಕೆ 'ರಿಪೇರಿಯಲ್ಲಿದೆ' ಎಂಬ ಚೀಟಿ ನೇತುಹಾಕಿದವಳು ಗಿರಿಜಕ್ಕ. ಹತ್ತಕ್ಕೆ ನನ್ನ ಲೋಟಕ್ಕೂ ಕಾಫಿ ಬಿತ್ತು.

ಆ ತಿಂಗಳು ಯಾರೂ ಯಾರ ಮೇಲೂ ದೂರು ಕೊಡಲಿಲ್ಲ. ತಪ್ಪುಗಳು ಆದಲ್ಲೇ ಸರಿಯಾದವು, ಒಡಕು ಕಾಳು ಇಳಿಯಿತು, ತಿಂಗಳ ಕೊನೆಗೆ ಎಲ್ಲರದೂ ಪೂರ್ತಿ ಅಂಕ. ಎಲ್ಲರೂ ಸ್ಟಾರ್! ಅಷ್ಟೊಂದು ಜನರಿಗೆ ಇನ್ಸೆಂಟಿವ್ ಕೊಡಬೇಕೆಂದಾಗ ಹೆಡ್ ಆಫೀಸಿನವರಿಗೆ ಯೋಜನೆಯಲ್ಲಿ ದೋಷ ಕಂಡಿತು. ಕೆಲಸ ಕೆಟ್ಟಾಗ ಕಾಣದ ದೋಷ, ಕೆಲಸ ಚೆನ್ನಾಗಿ ಆದಾಗ ಕಂಡಿತು ನೋಡಿ. ಯೋಜನೆ ನಿಂತಿತು.

ಮ್ಯಾನೇಜರು ನನ್ನ ಫೋಟೋವನ್ನು ಗೋಡೆಯಿಂದ ಇಳಿಸಿ, "ಇದನ್ನೇನು ಮಾಡೋಣ, ಮನೆಗೆ ತಗೊಂಡ್ ಹೋಗ್ತೀರಾ?" ಎಂದು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಒಲೆಗೆ ಹಾಕಿ ಸಾರ್!" ಎಂದು ಗುಡುಗಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಎದೆ ಉಬ್ಬಿಸಿ ನಡೆದೆ.

ಸಂಜೆ ಎಲ್ಲರೂ ಬಸ್ಸಿಗೆ ಹೋದ ಮೇಲೆ, ಊಟದ ಡಬ್ಬಿ ಮರೆತೆನೆಂದು ಗೇಟಿನವನಿಗೆ ಹೇಳಿ ಒಳಗೆ ಬಂದೆ. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಆಫೀಸಿನ ಮೂಲೆ ನೋಡಿದೆ, ಕಸದ ಬುಟ್ಟಿ ನೋಡಿದೆ, ಒಲೆಯ ಬೂದಿಯನ್ನೂ ಕೆದಕಿದೆ. ಹಿಂದಿನಿಂದ ಯಾರೋ ಕೆಮ್ಮಿದರು. ಶೇಷಪ್ಪ ಬಾಗಿಲಲ್ಲಿ ನಿಂತಿದ್ದ, ಕಂಕುಳಲ್ಲಿ ಹಳೆಯ ಗೋಣಿಯಲ್ಲಿ ಸುತ್ತಿದ ಚೌಕದ ಗಂಟು, ಅದರಿಂದ ಗಂಧದ ಹಾರ ಇಣುಕುತ್ತಿತ್ತು.

"ತಗೋ" ಎಂದ. "ಯಾರಿಗೂ ಹೇಳಲ್ಲ ಬಿಡು."