ಏಳು ಕಚ್ಚಿನ ರಿವಾಲ್ವರ್

ಡೆಲ್ಮರ್ ಸ್ಟ್ರೌಡ್ ಮಾಡಿದ ತಪ್ಪು ಇಷ್ಟೇ: ರಿವಾಲ್ವರನ್ನು ಅದರ ಚರ್ಮದ ಒರೆಯಲ್ಲಿಟ್ಟು, ಒರೆಯನ್ನು ಕಾಲುಚೀಲಗಳ ಡ್ರಾಯರಿಗೆ ತುರುಕಿ, ಆಮೇಲೆ ಮರೆತುಬಿಟ್ಟ. ಚರ್ಮ ತೇವ ಹೀರುತ್ತದೆ, ತೇವ ಉಕ್ಕನ್ನು ತಿನ್ನುತ್ತದೆ ಎನ್ನುವುದು ವಯೋಮಿಂಗಿನ ಕೋಲ್ಡ್ ಸ್ಪ್ರಿಂಗ್ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಡೆಲ್ಮರನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದೆಲ್ಲ ಸಮಯಕ್ಕೆ ನೆನಪಾಗುವ ಹಾಗಿದ್ದರೆ ಅವನ ಬಾಳು ಬೇರೆಯೇ ಆಗಿರುತ್ತಿತ್ತು.

ಅದು ಅವನ ಸ್ವಂತದ್ದಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಅವನ ಅತ್ತೆ ಓಪಲ್ ಅವರ ತಾತ, ಹಳೇ ಕಾಲದ ಷರೀಫ್ ಜೂಡ್ ಪೆಟಿಗ್ರೂ ಸೊಂಟಕ್ಕೆ ಸಿಕ್ಕಿಸಿಕೊಂಡು ಊರಾಳಿದ ರಿವಾಲ್ವರ್. ಕುದುರೆಗಳ್ಳರನ್ನು ಹೊಡೆದು ಉರುಳಿಸಿದಾಗಲೆಲ್ಲ ಜೂಡ್ ಅದರ ಮರದ ಹಿಡಿಯ ಮೇಲೆ ಚಾಕುವಿನಿಂದ ತಲೆಗೊಂದು ಕಚ್ಚು ಕೆತ್ತುತ್ತಿದ್ದನಂತೆ. ಮದುವೆಯ ಹಿಂದಿನ ಸಂಜೆ ಮನೆಯ ಹಿರಿಮಗಳ ಕೈಹಿಡಿಯುವವನಿಗೆ ಅದನ್ನು ಒಪ್ಪಿಸುವುದು ಆ ಮನೆತನದ ಪದ್ಧತಿ. ಡೆಲ್ಮರನ ಕೈಗೆ ಬಂದದ್ದೂ ಹಾಗೆಯೇ. ಈಗ ಅವನ ಮಗಳು ಕೋರೀನಳ ಮದುವೆ. ಇವತ್ತು ಸಂಜೆ ಚರ್ಚಿನ ಊಟದ ಹಾಲಿನಲ್ಲಿ, ಎರಡೂ ಕಡೆಯ ನೆಂಟರ ಮುಂದೆ, ಅದು ವರ ಡ್ವೈಟನ ಕೈ ಸೇರಬೇಕು.

ತಿಂಗಳ ಕೆಳಗೆ ಓಪಲ್ ಮನೆಗೆ ಬಂದು ಒರೆ ಬಿಚ್ಚಿಸಿ ನೋಡಿದ್ದರು. ನಳಿಗೆಯ ತುಂಬ ಕೆಂಪು ತುಕ್ಕು, ಅಲ್ಲಲ್ಲಿ ಬಣ್ಣ ಹೋಗಿ ಬೋಳು ಬೋಳು.

"ನನ್ನ ತಾತ ಇದನ್ನ ಹಿಮದಲ್ಲಿ ಕಾಪಾಡಿದ, ಹೊಳೇಲಿ ಕಾಪಾಡಿದ, ಗುಂಡು ಹಾರ್ತಿರೋವಾಗ್ಲೂ ಕಾಪಾಡಿದ" ಎಂದರು ಅತ್ತೆ. "ನಿನ್ ಕೈಲಿ ಇದನ್ನ ಕಾಲುಚೀಲದಿಂದ ಕಾಪಾಡೋಕಾಗ್ಲಿಲ್ವಲ್ಲೋ ಡೆಲ್ಮರ್."

"ಉಪ್ಪುಕಾಗದ ಹಾಕಿ ನಾನೇ ಉಜ್ಜಿ..."

"ನೀನು ಮುಟ್ಟಬೇಡ! ಲಿಂಡ್‌ಕ್ವಿಸ್ಟ್ ಹತ್ರ ಕೊಡು. ಹೊಸದಾಗಿ ಬಣ್ಣ ಏರಿಸ್ತಾನೆ. ಕೊಟ್ಟು ಬರೋದು, ಇಸ್ಕೊಂಡು ಬರೋದು, ಅಷ್ಟೇ ನಿನ್ ಕೆಲಸ."

ಮದುವೆಯಾದಾಗಿನಿಂದ ಅತ್ತೆ ಭೇಷ್ ಎನ್ನುವಂಥ ಒಂದು ಕೆಲಸವೂ ಡೆಲ್ಮರನಿಂದ ಆಗಿರಲಿಲ್ಲ. ಅವರ ಕೋಳಿಗೂಡು ರಿಪೇರಿ ಮಾಡಲು ಹೋಗಿ ನರಿಗೆ ಬಾಗಿಲು ಮಾಡಿಕೊಟ್ಟಿದ್ದ. ಮಾವನ ಶವಸಂಸ್ಕಾರದ ದಿನ ಪಕ್ಕದೂರಿನ ಸ್ಮಶಾನಕ್ಕೆ ಹೋಗಿ, ಯಾರದೋ ಹೆಣದ ಮುಂದೆ ಮನಸಾರೆ ಅತ್ತು ಬಂದಿದ್ದ. ಮಗಳ ಮದುವೆಯಲ್ಲಾದರೂ ಹೀಗಾಗಬಾರದು, ಆ ರಿವಾಲ್ವರನ್ನು ಅತ್ತೆ ಬೆರಳಿಟ್ಟು ತೋರಿಸಲು ಒಂದು ಕುಂದೂ ಇಲ್ಲದ ಹಾಗೆ ತಂದು ಅವರ ಕೈಯಲ್ಲಿಟ್ಟೇ ತೀರುತ್ತೇನೆ ಎಂದು ಅವನು ಹಲ್ಲು ಕಚ್ಚಿ ನಿಶ್ಚಯಿಸಿದ.

ಇವತ್ತು ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಅವನು ಅದನ್ನು ಇಸ್ಕೊಳ್ಳಲು ಬಾಗಿಲಲ್ಲಿ ನಿಂತಿದ್ದ. ಕೋವಿ ರಿಪೇರಿಯ ಲಿಂಡ್‌ಕ್ವಿಸ್ಟ್ ಮಾತಿನಲ್ಲಿ ಜಿಪುಣ. ಮರದ ಪೆಟ್ಟಿಗೆಯೊಂದನ್ನು ತಂದಿಟ್ಟು, ಮುಚ್ಚಳವನ್ನು ಸ್ವಲ್ಪವೇ ಎತ್ತಿ, ನಳಿಗೆಯ ತುದಿಯನ್ನು ತೋರಿಸಿದ. ಡೆಲ್ಮರ್ ಬಗ್ಗಿ ನೋಡಿದ. ತುಕ್ಕಿನ ಸುಳಿವಿಲ್ಲ. ಮಿರಮಿರ ಮಿಂಚುವ ಕಪ್ಪು, ಅದರೊಳಗೊಂದು ನೀಲಿ. ಕಾಗೆಯ ರೆಕ್ಕೆಯ ಮೇಲೆ ಬಿಸಿಲು ಬಿದ್ದ ಹಾಗಿತ್ತು.

"ಮೂರು ಸಲ ಉಜ್ಜಿ, ಬಣ್ಣ ಹಿಡಿಯೋ ಹಾಗೆ ಕುದಿಯೋ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ ತೆಗೆದಿದೀನಿ" ಎಂದ ಲಿಂಡ್‌ಕ್ವಿಸ್ಟ್, ಪೆಟ್ಟಿಗೆಗೆ ದಾರ ಕಟ್ಟುತ್ತ. "ಸಂಜೆವರೆಗೂ ಬಿಚ್ಚಬೇಡ. ನೆಟ್ಟಗೆ ಮನೆಗ್ ಹೋಗು."

ನೆಟ್ಟಗೆ ಮನೆಗೆ ಹೋಗುವ ದಾರಿಯಲ್ಲಿ ಡಾಟಿಯ ಹೋಟೆಲಿತ್ತು. ಕಾಫಿ ಕುಡಿದರೆ ಪೆಟ್ಟಿಗೆಗೇನೂ ನಷ್ಟವಿಲ್ಲ ಎಂದು ಡೆಲ್ಮರ್ ಒಳಗೆ ಹೋದ. ಅಲ್ಲಿ ಎಂದಿನ ಜಾಗದಲ್ಲಿ ಓರ್ವಿಲ್ ಕೂತಿದ್ದ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಕಾಗದಗಳನ್ನು ಬಿಟ್ಟು ಸುದ್ದಿಯನ್ನು ಮಾತ್ರ ಹಂಚುತ್ತಿದ್ದ.

"ಏನಪ್ಪಾ ಅದು ಡಬ್ಬಿ? ಜೂಡ್‌ದಾ?" ಓರ್ವಿಲ್ ಪಕ್ಕಕ್ಕೇ ಸರಿದು ಬಂದ. "ಬಿಚ್ಚು, ನೋಡೋಣ."

"ಸಂಜೆವರೆಗೂ ಬಿಚ್ಚಬಾರ್ದಂತೆ."

"ಊರಿನ ಚರಿತ್ರೆ ಕಣೋ ಅದು! ನಿಮ್ಮತ್ತೆ ಮನೆ ಆಸ್ತಿ ಅಂತ ಅನ್ಕೊಂಡಿದೀಯಾ?"

ಕಾಫಿ ಸುರಿಯುತ್ತಿದ್ದ ಡಾಟಿಯೂ ಕೆಟಲ್ ಇಟ್ಟು ಬಂದಳು. "ಬಿಚ್ಚು ಮಾರಾಯ. ನಾವೇನು ತಿಂತೀವಾ?"

ದಾರ ಬಿಚ್ಚಿತು. ಡೆಲ್ಮರ್ ರಿವಾಲ್ವರ್ ಎತ್ತಿ, ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕರವಸ್ತ್ರದ ಮೇಲಿಟ್ಟ. ಡಾಟಿ ಆಹಾ ಎಂದಳು. ಓರ್ವಿಲ್ ಕೂಡ ಆಹಾ ಎನ್ನಲು ಬಾಯಿ ತೆರೆದವನು ಹಾಗೆಯೇ ನಿಂತ.

"ಡೆಲ್ಮರ್, ಕಚ್ಚುಗಳೆಲ್ಲಿ?"

ಡೆಲ್ಮರ್ ಹಿಡಿಯನ್ನು ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಮರ ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು. ಒಂದು ಕಚ್ಚೂ ಇಲ್ಲ.

"ಲಿಂಡ್‌ಕ್ವಿಸ್ಟ್ ಉಜ್ಜಿ ಉಜ್ಜಿ ಜೂಡ್‌ನ ಚರಿತ್ರೇನೇ ಉಜ್ಜಿಬಿಟ್ಟಿದಾನೆ!" ಎಂದ ಓರ್ವಿಲ್. ಅವನ ದನಿಯಲ್ಲಿ ದುಃಖಕ್ಕಿಂತ ಸಂತೋಷವೇ ಹೆಚ್ಚಿತ್ತು. "ಓಪಲ್ ಇದನ್ನ ನೋಡ್ಲಿ, ಮದುವೆ ಮನೇಲೇ ನಿನ್ ಚರಮಗೀತೆ ಹಾಡಿಸ್ತಾಳೆ."

ಡೆಲ್ಮರ್ ಪೆಟ್ಟಿಗೆ ಬಾಚಿಕೊಂಡು ಅಂಗಡಿಗೆ ಓಡಿದ. ಬಾಗಿಲಿಗೆ ಬೀಗ ಬಿದ್ದಿತ್ತು. ಮೀನು ಹಿಡಿಯಲು ಹೋಗಿದ್ದೇನೆ ಎಂಬ ಹಲಗೆ ಗಾಳಿಗೆ ತೂಗಾಡುತ್ತಿತ್ತು. ಗಾಜಿಗೆ ಮೂಗು ಒತ್ತಿ ನೋಡಿದ, ಹಿಂಬಾಗಿಲು ಬಡಿದ, ಕಿಟಕಿಯಲ್ಲಿ ಕೂಗಿದ. ಒಳಗಿದ್ದ ಬೆಕ್ಕು ಅವನನ್ನು ನೋಡಿ ಮುಖ ತಿರುಗಿಸಿತು. ಬೇರೆಯವನಾಗಿದ್ದರೆ ಆಗ ಕೈಚೆಲ್ಲುತ್ತಿದ್ದ. ಡೆಲ್ಮರ್ ಮಾತ್ರ ದವಡೆ ಬಿಗಿದು, ಸೀದಾ ಹೋಟೆಲಿಗೆ ವಾಪಸು ಬಂದ.

"ನಾನೇ ಕೆತ್ತುತೀನಿ" ಎಂದ.

"ಓಪಲ್‌ಗೆ ಒಂದು ಫೋನ್ ಮಾಡಿ ನಿಜ ಹೇಳಿಬಿಡೋದು ವಾಸಿ" ಎಂದಳು ಡಾಟಿ.

"ಅದಕ್ಕಿಂತ ಇದಕ್ಕೆ ತೋಟಾ ತುಂಬಿ ನಾನೇ ಎದುರಿಗೆ ನಿಂತ್ಕೋತೀನಿ. ಹೇಳಿ, ಎಷ್ಟಿದ್ವು ಕಚ್ಚು?"

ಇಷ್ಟು ವರ್ಷ ಡ್ರಾಯರಿನಲ್ಲಿದ್ದರೂ ಅವನು ಎಣಿಸಿರಲಿಲ್ಲ. ಓರ್ವಿಲ್ ಆರು ಎಂದ. ಡಾಟಿ ಏಳು ಎಂದಳು, ಅವಳಪ್ಪ ಹೇಳುತ್ತಿದ್ದನಂತೆ. ನಿಮ್ಮಪ್ಪ ಕುಡಿದಾಗ ಎಲ್ಲವೂ ಒಂದು ಹೆಚ್ಚಾಗಿಯೇ ಕಾಣುತ್ತಿತ್ತು ಎಂದ ಓರ್ವಿಲ್. ಡಾಟಿ ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಹೋದಳು. ಜಗಳ ಅವರಿಬ್ಬರ ಮನೆತನಗಳವರೆಗೂ ಬೆಳೆಯುವ ಹಾಗಿತ್ತು. ಡೆಲ್ಮರ್ ಮೇಜು ಕುಟ್ಟಿದ.

"ಏಳೇ ಇರ್ಲಿ. ಒಂದು ಕಮ್ಮಿಯಾದ್ರೆ ಜೂಡ್‌ಗೆ ಅವಮಾನ. ಒಂದು ಜಾಸ್ತಿಯಾದ್ರೆ ಯಾರು ಕೇಳ್ತಾರೆ? ಸತ್ತವನು ಬಂದು ಕೇಳ್ತಾನಾ?"

ಈ ತರ್ಕಕ್ಕೆ ಓರ್ವಿಲ್ ಕೂಡ ತಲೆದೂಗಿದ. ತನ್ನ ಪಿಕಪ್ಪಿನಿಂದ ಗರಗಸ ಮಸೆಯುವ ಮುಮ್ಮೂಲೆ ಅರ ತಂದುಕೊಟ್ಟ. ಡಾಟಿ ಈರುಳ್ಳಿ ಹೆಚ್ಚುವ ಹಲಗೆ ಕೊಟ್ಟಳು. ನಳಿಗೆಗೆ ಪಾತ್ರೆ ಒರೆಸುವ ಬಟ್ಟೆ ಸುತ್ತಿ, ನಾಲಿಗೆ ಕಚ್ಚಿಕೊಂಡು, ಡೆಲ್ಮರ್ ಶುರುಮಾಡಿದ.

"ಮೊದಲನೇದು ಬಕ್ ಟಾಲಿವರ್‌ದು" ಎಂದು ಓರ್ವಿಲ್ ನಿರ್ದೇಶನ ಕೊಟ್ಟ. "ಈ ಸೀಮೆಯಲ್ಲೇ ದೊಡ್ಡ ಕಳ್ಳ. ಜೂಡ್ ಮೂರು ದಿನ ಬೆನ್ನಟ್ಟಿ ಹೊಡೆದದ್ದು. ಅವನದನ್ನ ಸ್ವಲ್ಪ ಆಳವಾಗೇ ಕೆತ್ತು."

ಡೆಲ್ಮರ್ ಬಕ್ ಟಾಲಿವರನನ್ನು ಆಳವಾಗಿ ಕೆತ್ತಿದ. ಕೈ ಕುದುರಿತು. ಐದನೆಯದನ್ನು ಮುಗಿಸುತ್ತಿದ್ದಾಗ ಕಿಟಕಿಯ ಹೊರಗೆ ಅವನ ಹೆಂಡತಿ ವೆರ್ನಾ ಕಾಣಿಸಿದಳು. ಡಾಟಿ ರಿವಾಲ್ವರನ್ನು ಕಿತ್ತುಕೊಂಡು ಆಪಲ್ ಪೈ ಮುಚ್ಚುವ ತಗಡಿನ ಮುಚ್ಚಳದಡಿ ತಳ್ಳಿದಳು.

"ಇಲ್ಲೇ ಕೂತಿದೀಯಾ? ಅಮ್ಮ ಮೂರು ಸಲ ಫೋನ್ ಮಾಡಿದ್ರು" ಎಂದಳು ವೆರ್ನಾ. "ಲಿಂಡ್‌ಕ್ವಿಸ್ಟ್ ಕೊಟ್ನಾ, ಡೆಲ್ಮರ್ ಬಿಚ್ಚಿಲ್ಲ ತಾನೆ ಅಂತ ಒಂದೇ ಸಮ. ಡ್ವೈಟನ ಅಜ್ಜೀನ ಪಕ್ಕದಲ್ಲೇ ಕೂರಿಸ್ಕೊಂಡು ಬೆಳಗ್ಗಿಂದ ಇದೇ ಜಪ. ಅದೇನು ಕೈಲಿ ಮರದ ಪುಡಿ?"

"ದಾಲ್ಚಿನ್ನಿ" ಎಂದಳು ಡಾಟಿ.

"ಹಾಗಾದ್ರೆ ನಂಗೂ ಒಂದು ತುಂಡು ಪೈ ಕೊಡು."

"ಖಾಲಿ!" ಎಂದು ಮೂವರೂ ಒಟ್ಟಿಗೆ ಕೂಗಿದರು. ವೆರ್ನಾ ಮೂವರನ್ನೂ ಒಮ್ಮೆ ನೋಡಿ, ಹೂವಿನ ಕೆಲಸ ಬಾಕಿಯಿದ್ದದ್ದರಿಂದ ಹೊರಟುಹೋದಳು.

ಕೆತ್ತುವುದು ಮುಗಿದಾಗ ಇನ್ನೊಂದು ತೊಂದರೆ ಎದ್ದಿತು. ಹಳೇ ಮರದಲ್ಲಿ ಹೊಸ ಕಚ್ಚುಗಳು ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು. ಡಾಟಿ ಗಟ್ಟಿ ಕಾಫಿ ಹಚ್ಚಿದಳು, ಸಾಲಲಿಲ್ಲ. ಓರ್ವಿಲ್ ಬಾಯೊಳಗಿನ ಹೊಗೆಸೊಪ್ಪಿನ ರಸ ಕೊಡಲು ಮುಂದೆ ಬಂದ. ಅದನ್ನು ಒಕ್ಕೊರಲಿನಿಂದ ನಿರಾಕರಿಸಲಾಯಿತು. ಕೊನೆಗೆ ಕಪ್ಪು ಬೂಟ್ ಪಾಲಿಶು, ಅದರ ಮೇಲೆ ಬಾಣಲೆಯಲ್ಲಿ ಉಳಿದಿದ್ದ ಹಂದಿ ಕೊಬ್ಬು ತಿಕ್ಕಿದ ಮೇಲೆ ಕಚ್ಚುಗಳು ಅಜ್ಜನ ಕಾಲದಿಂದ ಅಲ್ಲೇ ಇದ್ದ ಹಾಗೆ ಕಂಡವು.

ಡೆಲ್ಮರ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಹುಟ್ಟಿದಾಗಿನಿಂದ ಅವನ ಕೈಯಿಂದ ಇಷ್ಟು ಚೆಂದದ ಕೆಲಸ ಆಗಿರಲಿಲ್ಲ. ಹೆಮ್ಮೆಯಿಂದ ಅವನ ಕಣ್ಣು ತುಂಬಿ ಬಂತು.

ಸಂಜೆ ಹಾಲ್ ತುಂಬಿತ್ತು. ಸುಟ್ಟ ಮಾಂಸ, ಆಲೂಗೆಡ್ಡೆ, ಜೋಳದ ರೊಟ್ಟಿ ಮೇಜಿನ ಮೇಲೆ ಹಬೆಯಾಡುತ್ತಿದ್ದವು. ಮೂಲೆಯಲ್ಲಿ ಮೀನು ಹಿಡಿದು ಬಂದ ಲಿಂಡ್‌ಕ್ವಿಸ್ಟ್ ಶುಭ್ರ ಅಂಗಿ ತೊಟ್ಟು ಕೂತಿದ್ದ. ಡೆಲ್ಮರ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅತ್ತೆಯ ಮುಂದಿಟ್ಟ. ಓಪಲ್ ಎದ್ದು ನಿಂತರು. ಅವರ ಪಕ್ಕದಲ್ಲಿ ಡ್ವೈಟನ ಅಜ್ಜಿ ಇಡೆಲ್ಲಾ ರ‍್ಯಾಟ್ಲಿಫ್ ಕೈ ಕಟ್ಟಿಕೊಂಡು ಕೂತಿದ್ದರು.

"ಇದನ್ನ ಡ್ವೈಟ್‌ಗೆ ಕೊಡೋ ಮುಂಚೆ ಒಂದು ಮಾತು" ಎಂದರು ಓಪಲ್. "ಇಡೆಲ್ಲಾ ಅವರ ತವರಿನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ನಂಗೂ ಗೊತ್ತಾಗಿದ್ದು ಈಚೆಗೆ. ಅವರು ಟಾಲಿವರ್ ಮನೆಯವರು. ಬಕ್ ಟಾಲಿವರ್ ಅವರ ತಾತ."

ಡೆಲ್ಮರ್ ಪೆಟ್ಟಿಗೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳಲು ಕೈ ಚಾಚಿದ.

"ತನ್ನ ಅಜ್ಜಿಯ ತಾತನ ಸಾವನ್ನ ಕೆತ್ತಿಟ್ಟಿರೋ ಹಿಡೀನ ಆ ಹುಡುಗನ ಕೈಗೆ ಹೇಗ್ ಕೊಡೋದು? ಆ ಗುರುತು ಇರೋವರೆಗೂ ನಮ್ಮ ಹುಡುಗ ನಿಮ್ಮ ಮನೆ ಅಳಿಯ ಆಗಲ್ಲ ಅಂದ್ರು ಇಡೆಲ್ಲಾ. ನ್ಯಾಯವೇ. ಅದಕ್ಕೇ ಲಿಂಡ್‌ಕ್ವಿಸ್ಟ್‌ಗೆ ಹೇಳಿ ಅಷ್ಟೂ ಕಚ್ಚು ಮುಚ್ಚಿಸಿದೀನಿ. ಮನೇಲಿ ಯಾರಿಗೂ ಹೇಳಿಲ್ಲ. ನಮ್ಮ ಅಳಿಯನ ಬಾಯಿ ನಿಮಗೆಲ್ಲ ಗೊತ್ತಲ್ಲ."

ಎಲ್ಲರೂ ನಕ್ಕರು. ಲಿಂಡ್‌ಕ್ವಿಸ್ಟ್ ಕೂತಲ್ಲೇ ಬಾಗಿ ವಂದಿಸಿದ. ಓರ್ವಿಲ್ ಮತ್ತು ಡಾಟಿ ಆಗಲೇ ಬಾಗಿಲಿನ ಕಡೆ ಸರಿಯುತ್ತಿದ್ದರು.

"ಅತ್ತೆ, ಊಟ ಆರಿ ಹೋಗ್ತಿದೆ" ಎಂದ ಡೆಲ್ಮರ್. "ಮೊದಲು ಊಟ ಮಾಡಿ, ಆಮೇಲೆ ಬೇಕಾದ್ರೆ..."

"ಸುಮ್ನಿರು ಡೆಲ್ಮರ್. ಇಡೆಲ್ಲಾ, ನೀವೇ ತೆಗೀರಿ. ಕೈಯಾಡಿಸಿ ನೋಡಿ."

ಇಡೆಲ್ಲಾ ಕಣ್ಣು ಮಂಜಾದ ಮುದುಕಿ. ಪೆಟ್ಟಿಗೆ ತೆಗೆದು, ರಿವಾಲ್ವರ್ ಎತ್ತಿಕೊಂಡು, ಹೆಬ್ಬೆರಳನ್ನು ಹಿಡಿಯ ಮೇಲೆ ಮೆಲ್ಲಗೆ ಓಡಿಸಿದರು. ಬೆರಳು ನಿಂತಿತು. ಮತ್ತೆ ಸರಿಯಿತು, ಮತ್ತೆ ನಿಂತಿತು. ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ಆಮೇಲೆ ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಓಪಲ್, ಆರು ಅಂತ ನಮ್ಮಮ್ಮ ಹೇಳ್ತಿದ್ಲು. ಇಲ್ಲಿ ಏಳಿದೆ. ಮೊದಲನೇದು, ನಮ್ಮ ತಾತನದು, ಬಾವಿ ತೋಡಿದ ಹಾಗಿದೆ. ಹಂದಿ ಕೊಬ್ಬು ವಾಸನೆ ಬೇರೆ. ಈ ಏಳನೆಯವನು ಯಾರು?"

ಓಪಲ್ ರಿವಾಲ್ವರ್ ಇಸಿದುಕೊಂಡು ನೋಡಿದರು. ಲಿಂಡ್‌ಕ್ವಿಸ್ಟನನ್ನು ನೋಡಿದರು. ಅವನ ಬಾಯಿ ತೆರೆದೇ ಇತ್ತು. ಕೊನೆಗೆ ಅಳಿಯನ ಕೈಗಳನ್ನು ನೋಡಿದರು. ಉಗುರುಗಳ ಸಂದಿಯಲ್ಲಿ ಬೂಟ್ ಪಾಲಿಶಿನ ಕಪ್ಪು ಹಾಗೆಯೇ ಉಳಿದಿತ್ತು.

"ಏಳನೆಯವನು ಯಾರೋ ನಂಗೊತ್ತಿಲ್ಲ ಇಡೆಲ್ಲಾ" ಎಂದರು ತಣ್ಣಗೆ. "ಎಂಟನೆಯವನು ಮಾತ್ರ ಅಗೋ, ಅಲ್ಲಿ ನಿಂತಿದಾನೆ."

ಕೋರೀನ್ ಅಪ್ಪನನ್ನು ನೋಡಿ ಅಳಲು ಶುರುಮಾಡಿದಳು. ಡ್ವೈಟ್ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಮದುವೆ ಮುರಿದೇಹೋಯಿತು ಎಂದು ಎಲ್ಲರೂ ತಲೆ ತಗ್ಗಿಸಿದರು. ಕೊನೆಗೆ ಮುದುಕಿ ಕುರ್ಚಿಯ ಕೈ ಊರಿ ಎದ್ದು, ಬೀಗಿತ್ತಿಯ ಕಡೆ ಅಂಗೈ ಚಾಚಿದರು.

"ಇತ್ತ ಕೊಡು ಓಪಲ್. ಎಂಟನೆಯದನ್ನ ನಾನೇ ಕೆತ್ತಿ, ಆಮೇಲೆ ಡ್ವೈಟ್‌ಗೆ ಕೊಡ್ತೀನಿ. ಇಷ್ಟು ವರ್ಷ ಆಯ್ತು, ಟಾಲಿವರ್ ಮನೆಯವರಿಗೂ ನಿಮ್ಮ ಕಡೆಯಿಂದ ಒಂದು ತಲೆ ಬರಬೇಕಾಗಿತ್ತು."